ಶಂಕರ್ ನಾಗ್ ಸಿನಿಮಾದಲ್ಲಿ 'ಹೀರೋನ ಪ್ರಯಾಣ' ಇದ್ಯಾ?

ಕುಮಟಾ ಕಡೆಯ ಓದುಗರೊಬ್ರ ಪ್ರಶ್ನೆ: ಯೂಟ್ಯೂಬಲ್ಲಿ ಎಲ್ರೂ ಹೀರೋನ ಪ್ರಯಾಣ ಹೀರೋನ ಪ್ರಯಾಣ ಅಂತಾರಲ್ಲ, ಅದೆಂತದು? ನಮ್ಮ ಹೊನ್ನಾವರದ ಶಂಕರ್ ನಾಗ್ ಸಿನಿಮಾಕ್ಕೆ ಅದು ಹೊಂದ್ತದಾ?

ನೀವು ಯಕ್ಷಗಾನದ ಆಟ ನೋಡಿದವ್ರಾದ್ರೆ ಅರ್ಧ ಉತ್ತರ ನಿಮ್ಗೇ ಗೊತ್ತು. ಒಡ್ಡೋಲಗದಲ್ಲಿ ರಾಜ ಆರಾಮಾಗಿ ಕೂತಿರ್ತಾನೆ, ದೂತ ಬಂದು ಎಂತದೋ ಸುದ್ದಿ ಹೇಳ್ತಾನೆ, ಪ್ರಯಾಣ ಕುಣಿತ ಶುರು, ಆಮೇಲೆ ಯುದ್ಧ. ಅಮೆರಿಕದ ಪುರಾಣ ವಿದ್ವಾಂಸ ಜೋಸೆಫ್ ಕ್ಯಾಂಬೆಲ್ 1949ರಲ್ಲಿ ಬರೆದ ಪುಸ್ತಕದಲ್ಲಿ ಹೇಳಿದ್ದೂ ಹೆಚ್ಚುಕಮ್ಮಿ ಇದೇ, ಮನೆಯಿಂದ ಹೊರಡೋದು, ಪರೀಕ್ಷೆ ದಾಟೋದು, ಬೇರೆಯೇ ಮನುಷ್ಯನಾಗಿ ವಾಪಸ್ ಬರೋದು, ಈ ಚಕ್ರನೇ ಹೀರೋನ ಪ್ರಯಾಣ. ಆ ವಾಪಸ್ ಬರೋದೇ ತಕರಾರು. ಅಭಿಮನ್ಯು ಒಳಗೆ ಹೋಗ್ತಾನೆ, ಬರೋ ದಾರಿ ಗೊತ್ತಿಲ್ಲ, ಕ್ಯಾಂಬೆಲ್ ಲೆಕ್ಕ ಅಲ್ಲೇ ತಪ್ತದೆ, ಆದ್ರೂ ಜನ ಬೆಳಗಿನವರೆಗೆ ಎದ್ದು ಹೋಗೂದಿಲ್ಲ!

ಈಗ 1978ರ 'ಒಂದಾನೊಂದು ಕಾಲದಲ್ಲಿ' ತಗೊಳ್ಳಿ, ನಿರ್ದೇಶನ ಶಿರಸಿಯಲ್ಲಿ ಬೆಳೆದ ಗಿರೀಶ್ ಕಾರ್ನಾಡರದ್ದು. ಶಂಕರ್ ನಾಗ್ ಮಾಡಿದ ಗಂಡುಗಲಿ ಸಂಬಳಕ್ಕೆ ಕತ್ತಿ ಹಿಡಿಯೋನು, ಅವನಿಗೆ ಬಿಟ್ಟು ಹೊರಡೋಕೆ ಮನೆಯೇ ಇಲ್ಲ ಮಾರಾಯ್ರೆ, ದುಡ್ಡು ಕೊಡೋ ಕಡೆ ಹೋಗ್ತಾನೆ ಅಷ್ಟೇ. ಎದುರು ಪಾಳೆಯದ ಪೆರ್ಮಾಡಿ, ಅಂದ್ರೆ ಸುಂದರ ಕೃಷ್ಣ ಅರಸ್, ಮೊದ್ಲು ವೈರಿ, ಆಮೇಲೆ ಒಂದೇ ಕಡೆ ನಿಲ್ಲೋ ಜೊತೆಗಾರ, ಯಾಕಂದ್ರೆ ಇಬ್ರಿಗೂ ತಂತಮ್ಮ ಧಣಿಗಳ ಬಣ್ಣ ಗೊತ್ತಾಗ್ತದೆ. ನನ್ನ ಪ್ರಕಾರ ಪ್ರಯಾಣ ಅಂದ್ರೆ ಅಲ್ಲಿ ಅದೇ, ಊರಿಂದ ಊರಿಗಲ್ಲ. ಈ ಗಂಡುಗಲಿ ಪಾತ್ರಕ್ಕೇ ಶಂಕರ್ ನಾಗ್‌ಗೆ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು.

1980ರ 'ಆಟೋ ರಾಜ' ಪೂರ್ತಿ ಉಲ್ಟಾ. ಅಲ್ಲಿ ಹೀರೋ ಮೊದಲ ಸೀನಿಂದನೇ ಹೀರೋ, ಅವ್ನು ಎಲ್ಲಿಗೂ ಹೋಗ್ಬೇಕಿಲ್ಲ, ತೊಂದ್ರೆನೇ ಅವನ ಆಟೋ ಹುಡುಕ್ಕೊಂಡು ಬರ್ತದೆ. ಆಟೋದವ್ರು ಇವತ್ತಿಗೂ ಹಿಂದಿನ ಗಾಜಿಗೆ ಶಂಕರ್ ನಾಗ್ ಫೋಟೋ ಅಂಟಿಸ್ಕೊಳ್ಳೋದು ಅದಕ್ಕೇ ಇರ್ಬೇಕು, ತಮ್ಮ ಸ್ಟ್ಯಾಂಡ್ ಬಿಟ್ಟು ಹೋಗದ ಹೀರೋ ಅಲ್ವಾ.

ಅದೇ 1980ರಲ್ಲಿ ತಾವೇ ನಿರ್ದೇಶಿಸಿದ 'ಮಿಂಚಿನ ಓಟ'ದಲ್ಲಿ ಕಾರು ಕದಿಯೋರು, ಜೈಲು, ಜೈಲಿಂದ ಪಾರಾಗೋ ಓಟ. ವಾಪಸ್ ಹೋಗೋದು ಅಂದ್ರೆ ಜೈಲಿಗೇ ಹೋಗೋದು, ಕ್ಯಾಂಬೆಲ್ ಚಕ್ರನ ಇಲ್ಲಿ ಹೆಂಗೆ ತಿರುಗಿಸ್ತೀರಿ?

ಇನ್ನು ಕೆಲವ್ರು ಶಂಕರ್ ನಾಗ್ ಬದುಕನ್ನೇ ಈ ಚಕ್ರಕ್ಕೆ ಕೂರಿಸ್ತಾರೆ, ಹೊನ್ನಾವರ, ಮುಂಬೈನ ಮರಾಠಿ ರಂಗಭೂಮಿ, ಮತ್ತೆ ಕನ್ನಡಕ್ಕೆ ವಾಪಸ್ ಅಂತ. ನಂಗದು ಸರಿ ಅನ್ಸೂದಿಲ್ಲ. 1990ರ ಸೆಪ್ಟೆಂಬರ್ 30ಕ್ಕೆ ದಾವಣಗೆರೆ ಹತ್ರ ಆನಗೋಡಲ್ಲಿ ಆದ ಅಪಘಾತ ಯಾವ ಕಥೆಯ ಹಂತನೂ ಅಲ್ಲ, ಅವ್ರಿಗೆ ಆಗ ಬರೀ 35.