ತುಂಬುವ ಮೊದಲು ಇಳಿಸುವ ಲೆಕ್ಕ ಹಾಕಿ

ಹಿಡಕಲ್ ಡ್ಯಾಮಿನಿಂದ ನೀರು ಬಿಟ್ಟರು, ಲೋಳಸೂರ ಸೇತುವೆ ಮುಳುಗಿತು ಅಂತ ಸುದ್ದಿ ಬಂದರೆ ಸಾಕು, ನನ್ನ ಫೋನು ಸುಮ್ಮನಿರುವುದಿಲ್ಲ. ಬೆಳಗಾವಿಯ ವ್ಯಾಪಾರಸ್ಥರು, ಜಮಖಂಡಿಯ ಯುವಕ ಮಂಡಳದವರು, ಬೈಲಹೊಂಗಲದ ಮಹಿಳಾ ಸಂಘದವರು, ಎಲ್ಲರೂ ಒಳ್ಳೆಯ ಮನಸ್ಸಿನವರೇ. ಕೇಳುವ ಮಾತು ಮಾತ್ರ ಒಂದೇ: "ಸರ್, ಎರಡು ಲಾರಿ ತುಂಬೇವ್ರಿ. ಎಲ್ಲಿಗೆ ಕಳಸೋಣ್ರಿ?"

ನೆರೆ ಪರಿಹಾರದ ಸಾಮಾನು ಲಾರಿಗೆ ತುಂಬಿದ ಮೇಲೆ ಈ ಪ್ರಶ್ನೆ ಕೇಳಬಾರದು. ವರ್ಷ ವರ್ಷ ತರಬೇತಿಯಲ್ಲಿ ಇದನ್ನೇ ಹೇಳುತ್ತೇನೆ. ಆದರೂ ವರ್ಷ ವರ್ಷ ಲಾರಿ ಮೊದಲು ತುಂಬುತ್ತದೆ, ಫೋನು ಆಮೇಲೆ ಬರುತ್ತದೆ. ಅದಕ್ಕೇ ಈ ಸಲ ಬರೆದೇ ಹೇಳೋಣ ಅನ್ನಿಸಿತು.

ನಾನು ನೌಕಾಪಡೆಯ ಸ್ಟೋರ್ಸ್ ವಿಭಾಗದಲ್ಲಿದ್ದವನು. ಹಡಗಿಗೆ ಏನು ಏರಬೇಕು, ಎಲ್ಲಿ ಇಡಬೇಕು, ಯಾವುದು ಮೊದಲು ಕೆಳಗಿಳಿಯಬೇಕು ಅನ್ನುವುದೇ ನನ್ನ ಕೆಲಸವಾಗಿತ್ತು. ಸಮುದ್ರವೇ ಇಲ್ಲದ ನಮ್ಮ ಕಡೆ ನೌಕಾಪಡೆಯ ಮಾತು ಯಾಕೆ ಅಂತ ಕೆಲವರು ಕೇಳುತ್ತಾರೆ. ಚಂಡಮಾರುತ ಬಡಿದ ಊರಿಗೆ ಹಡಗಿನಿಂದ ಪರಿಹಾರ ತಲುಪಿಸುವುದಕ್ಕೂ, ನೀರು ಸುತ್ತುಗಟ್ಟಿದ ಕೃಷ್ಣಾ ತೀರದ ಹಳ್ಳಿಗೆ ಲಾರಿಯಿಂದ ತಲುಪಿಸುವುದಕ್ಕೂ ಕಷ್ಟ ಒಂದೇ ಕಡೆ ಇದೆ. ಸಾಮಾನು ಸಿಗುತ್ತದೆ. ಕೊನೆಯ ಐದು ಕಿಲೋಮೀಟರು ದಾಟಿಸುವುದು ಆಗುವುದಿಲ್ಲ.

2017ರ ಸೆಪ್ಟೆಂಬರ್ 20ರಂದು ಮರಿಯಾ ಅನ್ನುವ ಹರಿಕೇನ್, ಅಂದರೆ ಚಂಡಮಾರುತ, ಅಮೆರಿಕದ ಆಡಳಿತದಲ್ಲಿರುವ ಪೋರ್ಟೊ ರಿಕೊ ದ್ವೀಪಕ್ಕೆ ಬಡಿಯಿತು. ಇಡೀ ದ್ವೀಪದ ಕರೆಂಟು ಹೋಯಿತು. ಮೊಬೈಲ್ ಟವರ್‌ಗಳು ಬಿದ್ದವು. ಅಮೆರಿಕದಿಂದ ಸಾಮಾನು ಬಂತು, ಹಡಗುಗಟ್ಟಲೆ ಬಂತು. ಆದರೆ ಸಾನ್ ಹುವಾನ್ ಬಂದರಿನಲ್ಲೇ ಸಾವಿರಾರು ಕಂಟೇನರುಗಳು ದಿನಗಟ್ಟಲೆ ಕೂತವು. ಒಳಗೆ ಊಟ ಇತ್ತು, ನೀರಿತ್ತು, ಔಷಧ ಇತ್ತು. ಸಾಗಿಸಲು ಡ್ರೈವರ್‌ಗಳು ಬೇಕಲ್ಲ? ಅವರಿಗೆ ಫೋನ್ ಹತ್ತಲಿಲ್ಲ. ಅವರ ಮನೆಗಳೂ ಬಿದ್ದಿದ್ದವು. ಡೀಸೆಲ್ ಸಿಗಲಿಲ್ಲ, ರಸ್ತೆಗೆ ಮರ ಅಡ್ಡ ಬಿದ್ದಿತ್ತು. ಗುಡ್ಡದೊಳಗಿನ ಊರುಗಳ ಜನ ತೊರೆಯ ನೀರು ಕುಡಿಯುತ್ತಿದ್ದರು, ಬಂದರಿನಲ್ಲಿ ನೀರಿನ ಬಾಟಲಿಗಳು ಬಿಸಿಲಲ್ಲಿ ಕಾಯುತ್ತಿದ್ದವು.

ಅದೇ ಸಮಯಕ್ಕೆ ಅಮೆರಿಕದ ನೌಕಾಪಡೆಯ ಕಂಫರ್ಟ್ ಅನ್ನುವ ಆಸ್ಪತ್ರೆ ಹಡಗೂ ಅಲ್ಲಿಗೆ ಹೋಯಿತು. ಪೂರ್ತಿ ಸಜ್ಜಾದರೆ 1000 ಹಾಸಿಗೆ, 12 ಶಸ್ತ್ರಚಿಕಿತ್ಸೆ ಕೋಣೆ ಇರುವ ಹಡಗದು. ಅಕ್ಟೋಬರ್ 3ಕ್ಕೆ ತಲುಪಿತು. ಡಾಕ್ಟರುಗಳು ತಯಾರಿದ್ದರು, ಆದರೆ ಮೊದಲ ವಾರಗಳಲ್ಲಿ ಹಾಸಿಗೆಗಳು ಬಹಳಷ್ಟು ಖಾಲಿ ಇದ್ದವು. ರೋಗಿಯನ್ನು ಆರಿಸಬೇಕಾದದ್ದು ದಡದ ಆಸ್ಪತ್ರೆಗಳು. ಆ ಆಸ್ಪತ್ರೆಗಳಿಗೇ ಕರೆಂಟಿಲ್ಲ, ಫೋನಿಲ್ಲ. ಯಾರನ್ನು ಕಳಿಸಬೇಕು, ಹೇಗೆ ಕಳಿಸಬೇಕು ಅನ್ನುವುದು ಸರಿಯಾಗಿ ತಿಳಿಯಲಿಲ್ಲ. ತಿಂಗಳ ಕೊನೆಗೆ ಹಡಗು ಬಂದರಿಗೆ ಹತ್ತಿ ನಿಂತು, ದಡದಲ್ಲೇ ಟೆಂಟ್ ಹಾಕಿ ರೋಗಿಗಳನ್ನು ನೋಡತೊಡಗಿದಾಗ ಜನ ಸಾಲುಗಟ್ಟಿ ಬಂದರು. ಹಡಗು ಅದೇ, ಡಾಕ್ಟರುಗಳೂ ಅವರೇ. ನಡುವಿನ ದಾರಿ ತೆರೆದಿತ್ತು, ಅಷ್ಟೇ.

ಇನ್ನೊಂದು ಉದಾಹರಣೆ ಕೊಡದೆ ನನಗೆ ಮುಂದೆ ಹೋಗಲಾಗುವುದಿಲ್ಲ. 1991ರ ಏಪ್ರಿಲ್ 29ರ ರಾತ್ರಿ ಬಾಂಗ್ಲಾದೇಶಕ್ಕೆ ಬಡಿದ ಚಂಡಮಾರುತದಲ್ಲಿ ಲಕ್ಷಕ್ಕೂ ಹೆಚ್ಚು ಜನ ಸತ್ತರು. ಕೊಲ್ಲಿ ಯುದ್ಧ ಮುಗಿಸಿ ಮನೆಗೆ ಹೊರಟಿದ್ದ ಅಮೆರಿಕದ ನೌಕಾದಳವನ್ನು ಆ ಕಡೆ ತಿರುಗಿಸಿದರು. 'ಸೀ ಏಂಜೆಲ್' ಅಂತ ಆ ಕಾರ್ಯಾಚರಣೆಗೆ ಹೆಸರು. ಅಲ್ಲಿ ಹೋಗಿ ನೋಡಿದರೆ ಅಕ್ಕಿ, ಬಟ್ಟೆ, ಔಷಧ ದೇಶದೊಳಗೇ ಸಾಕಷ್ಟು ಇತ್ತು. ಇಲ್ಲದ್ದು ಅದನ್ನು ದ್ವೀಪಗಳಿಗೆ ಒಯ್ಯುವ ಹೆಲಿಕಾಪ್ಟರು ಮತ್ತು ದೋಣಿ. ಹಾಗಾಗಿ ಹಡಗುಗಳು ಅಲ್ಲಿ ಮಾಡಿದ ದೊಡ್ಡ ಕೆಲಸ ಅಂದರೆ, ಇದ್ದ ಸಾಮಾನನ್ನು ಎತ್ತಿ ಇಡಬೇಕಾದ ಕಡೆ ಇಟ್ಟದ್ದು.

ಈಗ ಲೋಡಿಂಗ್ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಎಲ್ಲರೂ ತಲೆ ಆಡಿಸಿ, ಮನೆಗೆ ಹೋಗಿ ಮರೆಯುವ ಮಾತು ಇದೇ.

ಹಡಗಿನಲ್ಲಿ ಸಾಮಾನು ಇಡುವಾಗ ಜಾಗ ಎಷ್ಟು ಉಳಿಯಿತು ಅಂತ ಯಾರೂ ಮೊದಲು ನೋಡುವುದಿಲ್ಲ. ದಡ ಮುಟ್ಟಿದ ಮೊದಲ ಗಂಟೆಗೆ ಏನು ಬೇಕು ಅಂತ ನೋಡುತ್ತಾರೆ. ಅದು ಎಲ್ಲಕ್ಕಿಂತ ಕೊನೆಗೆ ಏರಬೇಕು, ಬಾಗಿಲ ಬಳಿ ಇರಬೇಕು. ಮೂರನೇ ದಿನಕ್ಕೆ ಬೇಕಾದದ್ದು ಒಳಗೆ, ತಳದಲ್ಲಿ. ಪ್ರತಿ ಪೆಟ್ಟಿಗೆಯ ಹೊರಗೆ ಒಳಗಿನ ವಸ್ತುವಿನ ಹೆಸರು, ತೂಕ, ಎಷ್ಟು ಜನಕ್ಕೆ ಅನ್ನುವುದು ಬರೆದಿರಬೇಕು. ತೂಕ ಯಾಕೆ ಅಂದರೆ ಹೆಲಿಕಾಪ್ಟರ್ ಎತ್ತುವುದು ತೂಕದ ಲೆಕ್ಕದಲ್ಲಿ. ಒಬ್ಬ ಮನುಷ್ಯ ಹೊರಲಾಗದ ಪೆಟ್ಟಿಗೆ ದೋಣಿಯಿಂದ ಕೆಸರಿಗೆ ಇಳಿಯುವುದೇ ಇಲ್ಲ.

ಇದು ನೌಕಾಪಡೆಯ ಗುಟ್ಟೇನೂ ಅಲ್ಲ. ಎಪಿಎಂಸಿ ಯಾರ್ಡಿನಲ್ಲಿ ಹಮಾಲರನ್ನು ಕೇಳಿ. ಮೂರು ಊರಿಗೆ ಹೋಗುವ ಲಾರಿಗೆ ಮಾಲು ಹೇರುವಾಗ ಅವರು ಹೇಳುತ್ತಾರೆ, "ಕಡೀಕ ಇಳಿಯೋದು ಮದಲ ಹೇರಬೇಕ್ರಿ ಸಾಹೇಬ್ರ." ಅವರಿಗೆ ಗೊತ್ತಿರುವ ಈ ಮಾತು ಪರಿಹಾರದ ಲಾರಿ ತುಂಬುವ ದಿನ ಯಾರ ನೆನಪಿಗೂ ಬರುವುದಿಲ್ಲ. ಕೊಟ್ಟವರು ಕೊಟ್ಟ ಹಾಗೆ ಎಸೆಯುತ್ತಾ ಹೋಗುತ್ತಾರೆ. ಕೆಳಗೆ ಮಾತ್ರೆಯ ಡಬ್ಬಿ, ಅದರ ಮೇಲೆ ಹಳೇ ಸೀರೆಯ ಗಂಟು, ಅದರ ಮೇಲೆ ಕಟಕ ರೊಟ್ಟಿಯ ಚೀಲ, ಎಲ್ಲದರ ಮೇಲೆ ನೀರಿನ ಬಾಕ್ಸು. ರೊಟ್ಟಿ ಪುಡಿ, ಮಾತ್ರೆ ಕೈಗೆ ಸಿಗುವುದಿಲ್ಲ.

2019ರ ಆಗಸ್ಟಿನಲ್ಲಿ ರಾಮದುರ್ಗ ಕಡೆಯ ಒಂದು ಕಾಳಜಿ ಕೇಂದ್ರದಲ್ಲಿ ನೋಡಿದ್ದು ಹೇಳುತ್ತೇನೆ. ಶಾಲೆಯ ಎರಡು ಕೋಣೆಯ ತುಂಬ ಹಳೇ ಬಟ್ಟೆ. ಆ ಕೋಣೆಗಳು ಖಾಲಿ ಇದ್ದಿದ್ದರೆ ಅಲ್ಲಿ ಬಾಣಂತಿಯರನ್ನು, ಮುದುಕರನ್ನು ಮಲಗಿಸಬಹುದಿತ್ತು. ಅವರು ಹೊರಗೆ ಪಡಸಾಲೆಯಲ್ಲಿ ಮಲಗಿದ್ದರು. ಒಬ್ಬ ಅಜ್ಜಿ ನನ್ನ ಕೈ ಹಿಡಿದು ಕೇಳಿದಳು, "ತಮ್ಮಾ, ಸೀರಿ ಬ್ಯಾಡೋ, ನನ್ನ ಎಮ್ಮಿಗೆ ಒಂದ್ ಹೊರಿ ಮೇವು ಕೊಡಸೋ." ಆ ಬಟ್ಟೆ ಕಳಿಸಿದವರ ಮೇಲೆ ನನಗೆ ಸಿಟ್ಟಿಲ್ಲ. ಒಂದು ಫೋನ್ ಮಾಡಿ ಕೇಳಿದ್ದರೆ ಅದೇ ಲಾರಿಯಲ್ಲಿ ಕಣಿಕೆ ಬರುತ್ತಿತ್ತಲ್ಲ ಅಂತ ಸಂಕಟ ಆಗುತ್ತದೆ. ದನ ಉಪವಾಸ ಇದ್ದರೆ ನಮ್ಮ ರೈತ ಕಾಳಜಿ ಕೇಂದ್ರದಲ್ಲಿ ನಿಲ್ಲುವುದಿಲ್ಲ, ನೀರು ಇಳಿಯುವ ಮೊದಲೇ ವಾಪಸ್ ಊರಿಗೆ ಹೋಗುತ್ತಾನೆ. ಅಪಾಯ ಆಗುವುದು ಆಗಲೇ. ಮೇವು ಕಳಿಸಿದರೆ ಮನುಷ್ಯರ ಜೀವವೂ ಉಳಿಯುತ್ತದೆ. ಇದನ್ನು ಪೇಟೆಯವರಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ.

ನೀರಿನ ಬಾಟಲಿಯ ಲೆಕ್ಕವನ್ನೂ ಒಮ್ಮೆ ಕೂತು ಮಾಡಿ. ಪರಿಹಾರ ಕೆಲಸದಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಅಂತ ಜಗತ್ತಿನಾದ್ಯಂತ ಲೆಕ್ಕ ಹಿಡಿಯುತ್ತಾರೆ. ಕುಡಿಯಲು, ಅಡುಗೆಗೆ, ತೊಳೆಯಲು ಎಲ್ಲ ಸೇರಿ. ಸಾವಿರ ಜನ ಅಂದರೆ ದಿನಕ್ಕೆ 15 ಸಾವಿರ ಲೀಟರ್, ಅಂದರೆ 15 ಟನ್. ಹತ್ತು ಚಕ್ರದ ಲಾರಿಗೆ ಅದೇ ಒಂದು ಲೋಡು. ನಾಳೆ ಮತ್ತೊಂದು ಲೋಡು ಬೇಕು. ಇದು ಬಾಟಲಿಯಿಂದ ಮುಗಿಯುವ ಮಾತಲ್ಲ. ಹಡಗಿನವರು ಅದಕ್ಕೇ ನೀರು ಹೊತ್ತು ತರುವುದಕ್ಕಿಂತ ಅಲ್ಲೇ ಮಾಡಲು ನೋಡುತ್ತಾರೆ. ಸಮುದ್ರದ ಉಪ್ಪುನೀರನ್ನು ಸಿಹಿನೀರು ಮಾಡುವ ಯಂತ್ರ ಹಡಗಿನಲ್ಲೇ ಇರುತ್ತದೆ. 2014ರ ಡಿಸೆಂಬರಿನಲ್ಲಿ ಮಾಲ್ಡೀವ್ಸ್‌ನ ಮಾಲೆಯಲ್ಲಿ ನೀರಿನ ಘಟಕಕ್ಕೆ ಬೆಂಕಿ ಬಿದ್ದು ಇಡೀ ಊರಿಗೆ ಕುಡಿಯುವ ನೀರಿಲ್ಲದಾಗ ನಮ್ಮ ಐಎನ್‌ಎಸ್ ಸುಕನ್ಯಾ, ಐಎನ್‌ಎಸ್ ದೀಪಕ್ ಹೋದವು. ದೀಪಕ್ ಒಂದರಲ್ಲೇ ಸುಮಾರು 900 ಟನ್ ನೀರಿತ್ತು. ಎರಡೂ ಹಡಗು ಅಲ್ಲಿ ನಿಂತೇ ಇನ್ನಷ್ಟು ನೀರು ಮಾಡಬಲ್ಲವಾಗಿದ್ದವು.

ನಮ್ಮ ಹಳ್ಳಿಗಳಿಗೆ ಸಮುದ್ರದ ಯಂತ್ರ ಬೇಕಿಲ್ಲ. ಬಾವಿಯ ಕೆಸರುನೀರು ಹೊರಹಾಕಲು ಪಂಪು, ಡೀಸೆಲ್, ಕ್ಲೋರಿನ್, ತೊಟ್ಟಿ, ಒಬ್ಬ ಮೋಟರ್ ರಿಪೇರಿಯವ. ಇಷ್ಟು ಒಂದು ಸಣ್ಣ ಟೆಂಪೊದಲ್ಲಿ ಹೋಗುತ್ತದೆ. ಎಷ್ಟು ಕ್ಲೋರಿನ್ ಹಾಕಬೇಕು ಅನ್ನುವುದನ್ನು ಮಾತ್ರ ಆರೋಗ್ಯ ಇಲಾಖೆಯವರನ್ನು ಕೇಳಿಯೇ ಮಾಡಿ, ಅಂದಾಜಿನ ಮೇಲೆ ಹಾಕಬೇಡಿ. ಮೊದಲ ಒಂದೆರಡು ದಿನಕ್ಕೆ ಬಾಟಲಿ ನೀರು ಬೇಕಾಗುತ್ತದೆ, ಅದನ್ನು ಬೇಡ ಅನ್ನುವುದಿಲ್ಲ.

ಇಳಿಸುವ ದಾರಿ ಎಂಥದು ಅಂತ ಮೊದಲೇ ತಿಳಿದಿರಬೇಕು. ಚಂಡಮಾರುತ ಬಡಿದ ಬಂದರಿಗೆ ದೊಡ್ಡ ಹಡಗು ನೇರವಾಗಿ ನುಗ್ಗುವುದಿಲ್ಲ. ನೀರಿನಡಿ ಮುಳುಗಿದ ದೋಣಿ, ಕಂಟೇನರ್, ಮುರಿದ ಕ್ರೇನ್ ಏನೇನಿದೆಯೋ. ಮೊದಲು ಆಳ ಅಳೆಯುವವರು, ಡೈವರ್‌ಗಳು ಹೋಗಿ ನೋಡಬೇಕು. ಬಂದರೇ ಕೆಟ್ಟಿದ್ದರೆ ಬೇರೆ ದಾರಿ ಇದೆ. ಐಎನ್‌ಎಸ್ ಜಲಾಶ್ವದ ಹಿಂಭಾಗದಲ್ಲಿ ಒಂದು ದೊಡ್ಡ ಅಂಗಳ ಇದೆ. ಅದಕ್ಕೆ ನೀರು ತುಂಬಿಸಿದರೆ ಒಳಗಿನ ದೋಣಿಗಳು ಸಾಮಾನು ಸಮೇತ ತೇಲಿ ಹೊರಗೆ ಬರುತ್ತವೆ. ಶಾರ್ದೂಲ್, ಐರಾವತ್‌ನಂಥ ಹಡಗುಗಳು ದಡಕ್ಕೇ ಮೂತಿ ಹಚ್ಚಿ ಬಾಗಿಲು ತೆರೆಯಬಲ್ಲವು. 2019ರ ಮಾರ್ಚಿನಲ್ಲಿ ಇದಾಯ್ ಚಂಡಮಾರುತ ಮೊಜಾಂಬಿಕ್‌ನ ಬೈರಾ ಊರನ್ನು ಹಾಳು ಮಾಡಿದಾಗ ಹತ್ತಿರದಲ್ಲೇ ಇದ್ದ ನಮ್ಮ ಸುಜಾತಾ, ಶಾರ್ದೂಲ್ ಮತ್ತು ಕರಾವಳಿ ಕಾವಲು ಪಡೆಯ ಸಾರಥಿ ಅಲ್ಲಿಗೆ ತಿರುಗಿದವು. ಹೆಲಿಕಾಪ್ಟರಿನಿಂದ ಜನರನ್ನು ಎತ್ತಿದರು, ಊಟ-ನೀರಿನ ಪೊಟ್ಟಣ ಇಳಿಸಿದರು, ದಡದಲ್ಲಿ ವೈದ್ಯಕೀಯ ಶಿಬಿರ ಮಾಡಿದರು. ಅದರ ಸುದ್ದಿ ಓದಿದಾಗ ನನಗೆ ಬಹಳ ಹೆಮ್ಮೆ ಆಯಿತು.

ನಮ್ಮಲ್ಲಿ ಬಂದರಿನ ಬದಲು ಸೇತುವೆ. ಕುಡಚಿ-ಉಗಾರ ಸೇತುವೆ ಮುಳುಗಿದ್ದರೆ ಆ ದಾರಿಯ ಲಾರಿ ಹೊಳೆಯ ಈ ದಂಡೆಯಲ್ಲೇ ನಿಲ್ಲುತ್ತದೆ. ಹಿಂದಿನ ಆಂಬುಲೆನ್ಸಿಗೆ ಅದೇ ಅಡ್ಡ. ದೊಡ್ಡ ಲಾರಿ ಎಲ್ಲಿಯವರೆಗೆ ಹೋಗುತ್ತದೆ, ಅಲ್ಲಿಂದ ಟ್ರ್ಯಾಕ್ಟರ್ ಯಾರದು, ಅದರಾಚೆ ದೋಣಿ ಯಾರದು, ಇಳಿಸುವ ಕೈ ಎಷ್ಟು, ಮಳೆ ಬಂದರೆ ಮುಚ್ಚಲು ತಾಡಪತ್ರಿ ಇದೆಯೋ ಇಲ್ಲವೋ. ಇದನ್ನೆಲ್ಲ ಆ ಊರಿನ ತಲಾಠಿಗೆ ಅಥವಾ ಪಿಡಿಒಗೆ ಫೋನ್ ಮಾಡಿ ಕೇಳಿ. ಅವರು ಸಿಗದಿದ್ದರೆ ತಹಶೀಲ್ದಾರ್ ಕಚೇರಿ. ಪ್ರತಿ ಊರಿನ ಸ್ಥಿತಿ ಬೇರೆ, ದಿನಕ್ಕೆ ಎರಡು ಸಲ ಬದಲಾಗುತ್ತದೆ. ಹಾಗಾಗಿ ನನ್ನ ಮಾತಿಗಿಂತ ಅವರ ಮಾತೇ ಅಂತಿಮ.

ಕೇಳಿ ಹೋಗುವುದು ಬರೀ ಶಿಷ್ಟಾಚಾರ ಅಂತ ತಿಳಿಯಬೇಡಿ. 2008ರ ಮೇ ತಿಂಗಳಲ್ಲಿ ನರ್ಗಿಸ್ ಚಂಡಮಾರುತ ಮ್ಯಾನ್ಮಾರ್‌ಗೆ ಬಡಿದಾಗ ಅಮೆರಿಕದ ಎಸೆಕ್ಸ್ ಹಡಗು ಜೊತೆಗಾರ ಹಡಗುಗಳೊಂದಿಗೆ ವಾರಗಟ್ಟಲೆ ಸಮುದ್ರದಲ್ಲಿ ಕಾದಿತು. ಅಲ್ಲಿನ ಸೇನಾ ಸರ್ಕಾರ ಒಪ್ಪಲಿಲ್ಲ. ಜೂನ್ 5ಕ್ಕೆ ಅವು ಹೊರಟು ಹೋದವು. ನಮ್ಮ ಐಎನ್‌ಎಸ್ ರಾಣಾ, ಐಎನ್‌ಎಸ್ ಕೃಪಾಣ್ ಅದೇ ಚಂಡಮಾರುತದ ಕೆಲವೇ ದಿನಗಳಲ್ಲಿ ಯಾಂಗೂನ್ ಸೇರಿ ಸಾಮಾನು ಇಳಿಸಿದ್ದವು. ಎಸೆಕ್ಸ್ ಮುಂದೆ ನಮ್ಮವು ಸಣ್ಣ ಹಡಗುಗಳು. ಆದರೂ ಜನಕ್ಕೆ ತಲುಪಿದ್ದು ಒಪ್ಪಿಗೆ ಇದ್ದ ಹಡಗಿನ ಸಾಮಾನು.

ಇನ್ನೊಂದು ಮಾತು, ಸ್ವಯಂಸೇವಕರಿಗೆ. ಬಾಂಗ್ಲಾದೇಶದಲ್ಲಿ ಆ ನೌಕಾದಳದ ಹೆಚ್ಚಿನವರು ರಾತ್ರಿ ಹಡಗಿಗೇ ಮರಳುತ್ತಿದ್ದರು. ಊಟ, ನಿದ್ದೆ, ಸ್ನಾನ ಎಲ್ಲ ಹಡಗಿನಲ್ಲೇ. ನೊಂದ ಜನರ ಮೇಲೆ ತಮ್ಮ ಭಾರ ಹಾಕಲಿಲ್ಲ. ನೀವೂ ನಿಮ್ಮ ಬುತ್ತಿ, ನಿಮ್ಮ ನೀರು, ನಿಮ್ಮ ಹಾಸಿಗೆ ನೀವೇ ಒಯ್ಯಿರಿ. ಮನೆ ಕಳೆದುಕೊಂಡ ಹೆಣ್ಣುಮಕ್ಕಳು ಬಂದವರಿಗೆ ಚಹಾ ಕಾಸುವುದನ್ನು ನಾನು ನೋಡಿದ್ದೇನೆ. ನಮ್ಮ ಜನ ಹಾಗೇ, ಮನೆಗೆ ಬಂದವರನ್ನು ಬರಿಗೈಲಿ ಕಳಿಸುವುದಿಲ್ಲ. ಅದಕ್ಕೇ ಅಂಥ ಕಷ್ಟ ಅವರಿಗೆ ಕೊಡಬಾರದು.

ನಮ್ಮ ನೌಕಾಪಡೆಯ ಹಡಗುಗಳಲ್ಲಿ ಪರಿಹಾರ ಸಾಮಗ್ರಿಯ ಕಟ್ಟುಗಳನ್ನು ಮೊದಲೇ ಕಟ್ಟಿ ಇಟ್ಟಿರುತ್ತಾರೆ. 'ಎಚ್‌ಎಡಿಆರ್ ಬ್ರಿಕ್ಸ್' ಅಂತ ಕರೆಯುತ್ತಾರೆ, ಅಂದರೆ ಮಾನವೀಯ ನೆರವು ಮತ್ತು ವಿಪತ್ತು ಪರಿಹಾರದ ಇಟ್ಟಿಗೆಗಳು. ಎಲ್ಲಿಂದ ಕರೆ ಬಂದರೂ ಹಡಗು ತಿರುಗಿದ ಕೂಡಲೇ ಕಟ್ಟು ತಯಾರು. ಇದನ್ನು ನಮ್ಮ ಮಂಡಳಗಳೂ ಮಾಡಬಹುದು, ಮೇ ತಿಂಗಳಲ್ಲೇ. ಮುಧೋಳ ಕಡೆಯ ಒಂದು ಯುವಕ ಮಂಡಳದವರು ಶುರು ಮಾಡಿದ್ದಾರೆ. ಒಂದು ಮನೆಗೆ ಒಂದು ಕಟ್ಟು: ತಾಡಪತ್ರಿ, ಹಗ್ಗ, ಎರಡು ಚಾದರ, ಬ್ಯಾಟರಿ, ಮುಚ್ಚಳ ಇರುವ ಕೊಡ, ಸಾಬೂನು, ಹೆಣ್ಣುಮಕ್ಕಳ ಪ್ಯಾಡ್, ಓಆರ್‌ಎಸ್. ಒಬ್ಬರು ಹೊರುವಷ್ಟೇ ತೂಕ. ಹೊರಗೆ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಪಟ್ಟಿ. ಮೇವಿಗೆ ಯಾರ ಹೊಲದಲ್ಲಿ ಬಣವೆ ಇದೆ, ಯಾರ ಟ್ರ್ಯಾಕ್ಟರ್ ಸಿಗುತ್ತದೆ ಅನ್ನುವುದನ್ನು ಬೇರೆ ಬರೆದಿಟ್ಟಿದ್ದಾರೆ. ಓಆರ್‌ಎಸ್ ಪೊಟ್ಟಣದ ಅವಧಿ ಮುಗಿಯುವ ದಿನಾಂಕವನ್ನು ಕಟ್ಟಿನ ಮೇಲೇ ಬರೆಯಿರಿ ಅಂತ ಹೇಳಿ ಬಂದಿದ್ದೇನೆ, ಬ್ಯಾಟರಿಯ ಸೆಲ್ ಒಳಗೆ ಹಾಕಿಡದೆ ಪಕ್ಕದಲ್ಲಿ ಸುತ್ತಿಡಿ ಅಂತಲೂ.