ಖಾಲಿ ಡ್ರಮ್ಮಿನಲ್ಲಿ ಉಳಿದ ಮೊಟ್ಟೆಗಳು

ಕೋಲಾರದಲ್ಲಿ ನಲ್ಲಿ ನೀರು ಬಂದ ದಿನ ಬೇರೆ ಕೆಲಸ ಇಟ್ಟುಕೊಳ್ಳುವ ಹಾಗಿಲ್ಲ. ಕೊಡ, ಬಕೆಟ್, ಡ್ರಮ್ ಎಲ್ಲ ತುಂಬಬೇಕು. ಹಾಗೆ ತುಂಬಿಟ್ಟ ನಮ್ಮ ನೀಲಿ ಡ್ರಮ್ಮಿಗೆ ಒಂದು ದಿನ ಆಶಾ ಕಾರ್ಯಕರ್ತೆ ಟಾರ್ಚ್ ಬಿಟ್ಟರು. ಸೊಳ್ಳೆಯ ಮರಿಹುಳಗಳು ಕುಣಿಯುತ್ತಿದ್ದವು. ನೀರು ಚೆಲ್ಲಿ, ಡ್ರಮ್ಮನ್ನು ಬಿಸಿಲಿಗೆ ಬೋರಲು ಹಾಕಿ, ಮತ್ತೆ ತುಂಬಿಸಿದೆ. ವಾರದೊಳಗೆ ಮತ್ತೆ ಹುಳ!

ತಪ್ಪು ನನ್ನದೇ. ಡೆಂಗಿ ಹರಡುವ ಈಡಿಸ್ ಸೊಳ್ಳೆ ನೀರಿನೊಳಗೆ ಮೊಟ್ಟೆ ಇಡುವುದಿಲ್ಲ. ನೀರಿನ ಮಟ್ಟಕ್ಕಿಂತ ಚೂರು ಮೇಲೆ, ಒದ್ದೆ ಗೋಡೆಗೆ ಒಂದೊಂದಾಗಿ ಅಂಟಿಸುತ್ತದೆ. ಗಸಗಸೆಗಿಂತ ಸಣ್ಣ ಕರಿ ಚುಕ್ಕೆಗಳು. ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ, ನೀರು ತಾಗಿದರೆ ಒಡೆಯುತ್ತವೆ. ಅದೂ ಎಲ್ಲ ಮೊಟ್ಟೆಗಳನ್ನು ಒಂದೇ ಕಡೆ ಇಡುವುದಿಲ್ಲ. ನಮ್ಮ ಡ್ರಮ್ಮಿಗೆ ಸ್ವಲ್ಪ, ಪಕ್ಕದ ಮನೆ ಹೂಕುಂಡದ ತಟ್ಟೆಗೆ ಸ್ವಲ್ಪ.

ಇಷ್ಟು ಡ್ರಮ್ಮುಗಳಲ್ಲಿ ಯಾವುದು ಒಳ್ಳೆಯದು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತದೆ? ಮೀಸೆಯಂಥ ಕುಡಿಗಳಿಂದ ವಾಸನೆ ಹಿಡಿಯುತ್ತದೆ, ಕಾಲಿನಿಂದ ನೀರಿನ ರುಚಿ ನೋಡುತ್ತದೆ. ಹೌದು, ಕಾಲಿನಿಂದಲೇ! ನೀರಿಗೆ ಬಿದ್ದ ಎಲೆ ಕೊಳೆತಾಗ ಬ್ಯಾಕ್ಟೀರಿಯಾಗಳು ಬೆಳೆದು ಕೆಲವು ಕೊಬ್ಬಿನ ಆಮ್ಲಗಳು ಸೇರಿಕೊಳ್ಳುತ್ತವೆ. ಹುಳಗಳಿಗೆ ಆ ಬ್ಯಾಕ್ಟೀರಿಯಾಗಳೇ ಊಟ. ಹಾಗಾಗಿ ತಾಯಿಗೆ ಆ ಆಮ್ಲ ಅಂದರೆ ಅಡುಗೆಮನೆಯ ಘಮ.

ಮೊದಲ ಮಳೆಗೆ ನಮ್ಮ ಕೆಮ್ಮಣ್ಣಿನಿಂದ ಏಳುವ ವಾಸನೆ ಇದೆ ಅಲ್ವಾ? ಅದರಲ್ಲಿರುವ ಜಿಯೋಸ್ಮಿನ್ ಎಂಬ ರಾಸಾಯನಿಕವನ್ನೂ ಕೆಲವು ಬ್ಯಾಕ್ಟೀರಿಯಾಗಳೇ ತಯಾರಿಸುತ್ತವೆ. ಮೊಟ್ಟೆ ಹೊತ್ತ ಈಡಿಸ್ ಅದರ ಕಡೆ ಬರುತ್ತದೆ ಎಂದು 2020ರಲ್ಲಿ ವಿಜ್ಞಾನಿಗಳು ತೋರಿಸಿದರು. ಬೀಟ್‌ರೂಟ್ ಸಿಪ್ಪೆಯಲ್ಲೂ ಅದೇ ಜಿಯೋಸ್ಮಿನ್ ಇದೆ. ಆ ತರಕಾರಿ ಮಣ್ಣು ಮಣ್ಣು ಅನ್ನಿಸುವುದು ಸುಮ್ನೆ ಅಲ್ಲ.

ಚರಂಡಿಯ ಕ್ಯೂಲೆಕ್ಸ್ ಸೊಳ್ಳೆಯ ರೀತಿ ಬೇರೆ. ನೂರಾರು ಮೊಟ್ಟೆಗಳನ್ನು ತೆಪ್ಪದ ಹಾಗೆ ಜೋಡಿಸಿ ನೀರಿನ ಮೇಲೆ ತೇಲಿಬಿಡುತ್ತದೆ. ಪ್ರತಿ ಮೊಟ್ಟೆಯ ತುದಿಯಲ್ಲೂ ಪುಟ್ಟ ಹನಿ. ಬೇರೆ ತಾಯಂದಿರನ್ನು ಅಲ್ಲಿಗೇ ಕರೆಯುವ ರಾಸಾಯನಿಕ ಆ ಹನಿಯಲ್ಲಿದೆ ಎಂದು 1982ರಲ್ಲಿ ಗೊತ್ತಾಯಿತು.

ಈಡಿಸ್ ಹುಳದ ಮೈಯಲ್ಲೂ ಹೀಗೆ ತಾಯಂದಿರನ್ನು ಕರೆಯುವ ಒಂದು ರಾಸಾಯನಿಕ ಇದೆ. ಅದನ್ನು ಗುರುತಿಸಿದವರು ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಸಂಸ್ಥೆಯವರು. ಅದರ ಜೊತೆ ಹುಳ ಬೆಳೆಯದಂತೆ ತಡೆಯುವ ಔಷಧಿ ಬೆರೆಸಿ ಅವರು ಬಲೆ ಒಡ್ಡಿದರು. ಸೊಳ್ಳೆ ಬರಲಿ, ಮೊಟ್ಟೆಯನ್ನೂ ಇಡಲಿ, ಮರಿ ಮಾತ್ರ ಸೊಳ್ಳೆಯಾಗದು. ಓಡಿಸುವುದಕ್ಕಿಂತ ಇದು ನನಗೆ ಜಾಸ್ತಿ ಇಷ್ಟ.

ಮುಂದಿನ ಸಲ ನೀರು ಬರುವ ಮುಂಚೆ ಡ್ರಮ್ಮಿನ ಒಳಗೋಡೆಯನ್ನು ತೆಂಗಿನ ನಾರಿನಿಂದ ಗಸಗಸ ಉಜ್ಜಿದೆ. ತೊಳೆದ ನೀರನ್ನು ಚರಂಡಿಗೆ ಬಿಡಲಿಲ್ಲ, ಅಂಗಳದ ಒಣಮಣ್ಣಿಗೆ ಸುರಿದೆ.