ಬೆಂಗಾಜಿ ಉಳಿಯಿತು, ಲಿಬಿಯಾ ಉಳಿಯಲಿಲ್ಲ

ಅಂತರರಾಷ್ಟ್ರೀಯ ರಾಜಕಾರಣ ಪಾಠ ಮಾಡಲು ಶುರುಮಾಡಿ 20 ವರ್ಷ ದಾಟಿದೆ. ಅಮೆರಿಕ ಬೇರೆ ದೇಶಗಳ ಮೇಲೆ ಸೈನ್ಯ ಕಳಿಸುವ ವಿಷಯ ಬಂದಾಗಲೆಲ್ಲ ಹುಡುಗರು ಮೊದಲು ಇರಾಕ್ ಹೆಸರು ಹೇಳುತ್ತಾರೆ. ನಾನು ಲಿಬಿಯಾ ತೆಗೆದುಕೊಳ್ಳುತ್ತೇನೆ. ಇರಾಕ್ ವಿಷಯ ಸುಲಭ, ಅಲ್ಲಿ ಯುದ್ಧಕ್ಕೆ ಕೊಟ್ಟ ಕಾರಣವೇ ಸುಳ್ಳಾಯಿತು, ಇದೆ ಅಂದ ಅಸ್ತ್ರಗಳು ಸಿಗಲೇ ಇಲ್ಲ. ಲಿಬಿಯಾದಲ್ಲಿ ಜನರಿಗೆ ನಿಜವಾಗಿಯೂ ಅಪಾಯ ಇತ್ತು. ಸೈನ್ಯ ಕಳಿಸುವಾಗ ಸಂಯಮ ಬೇಕು ಅನ್ನುವ ನನ್ನಂಥವರು ಉತ್ತರ ಕೊಡಬೇಕಾದದ್ದು ಇಂಥ ಕಡೆ.

2011ರ ಮಾರ್ಚ್. ಲಿಬಿಯಾ ಆಳುತ್ತಿದ್ದ ಗಡಾಫಿಯ ಸೈನ್ಯ, ದಂಗೆ ಎದ್ದವರ ಕೈಯಲ್ಲಿದ್ದ ಬೆಂಗಾಜಿ ಊರಿನ ಬಾಗಿಲಿಗೆ ಬಂದಿತ್ತು. ದಂಗೆ ಎದ್ದವರನ್ನು ಮನೆ ಮನೆ ಹುಡುಕುತ್ತೇನೆ ಎಂದು ಆತ ಟಿವಿಯಲ್ಲೇ ಹೇಳಿದ್ದ. ಮಾರ್ಚ್ 17ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ 1973ನೇ ನಿರ್ಣಯ ಮತಕ್ಕೆ ಬಂತು. 10 ದೇಶಗಳು ಪರ, ವಿರೋಧ ಯಾರೂ ಇಲ್ಲ. ಭಾರತ, ಚೀನಾ, ರಷ್ಯಾ, ಬ್ರೆಜಿಲ್, ಜರ್ಮನಿ ಎರಡೂ ಕಡೆ ಸೇರದೆ ದೂರ ಉಳಿದವು.

ಆ ನಿರ್ಣಯದ ಜೆರಾಕ್ಸ್ ಪ್ರತಿಯನ್ನು ಪ್ರತಿ ವರ್ಷ ತರಗತಿಯಲ್ಲಿ ಹಂಚುತ್ತೇನೆ. ನಾಲ್ಕನೇ ಪ್ಯಾರಾದ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯಿರಿ ಅನ್ನುತ್ತೇನೆ. ನಾಗರಿಕರನ್ನು ಕಾಪಾಡಲು ಬೇಕಾದ ಎಲ್ಲ ಕ್ರಮ ತೆಗೆದುಕೊಳ್ಳಬಹುದು, ಆದರೆ ಪರದೇಶದ ಸೈನ್ಯ ಬಂದು ನೆಲ ಹಿಡಿದು ಕೂರುವಂತಿಲ್ಲ ಎಂದು ಅಲ್ಲಿದೆ. ಈಗ, ಗಡಾಫಿಯನ್ನು ಇಳಿಸಿ ಅಂತ ಎಲ್ಲಿ ಬರೆದಿದೆ ತೋರಿಸಿ ಅಂದರೆ ಹಾಳೆ ತಿರುಗಿಸಿ ತಿರುಗಿಸಿ ಹುಡುಕುತ್ತಾರೆ. ಎಲ್ಲೂ ಇಲ್ಲ.

ಮಾರ್ಚ್ 19ಕ್ಕೆ ಅಮೆರಿಕ, ಬ್ರಿಟನ್, ಫ್ರಾನ್ಸ್‌ಗಳ ದಾಳಿ ಶುರುವಾಯಿತು. ಬೆಂಗಾಜಿ ಕಡೆ ಬರುತ್ತಿದ್ದ ಟ್ಯಾಂಕುಗಳು ದಾರಿಯಲ್ಲೇ ಸುಟ್ಟುಹೋದವು, ಕೆಲವೇ ದಿನಗಳಲ್ಲಿ ಊರು ಬಚಾವಾಯಿತು. ಹೇಳಿದ ಕೆಲಸ ಮುಗಿದಿತ್ತು ಅಲ್ವಾ? ಏಪ್ರಿಲ್‌ನಲ್ಲಿ ಆಫ್ರಿಕನ್ ಒಕ್ಕೂಟದವರು ಕದನ ವಿರಾಮದ ಮಾತು ತಂದರು. ಗಡಾಫಿ ಒಪ್ಪಿದ್ದಾನೆ ಅಂದರು, ಆತ ಇಳಿಯದೆ ಮಾತೇ ಇಲ್ಲ ಎಂದು ದಂಗೆಕೋರರು ತಳ್ಳಿಹಾಕಿದರು. ಅದೇ ವಾರ ಆ ಮೂರು ದೇಶಗಳ ಆಗಿನ ನಾಯಕರಾದ ಒಬಾಮ, ಕ್ಯಾಮರನ್, ಸರ್ಕೋಜಿ ಮೂವರೂ ಒಟ್ಟಿಗೆ ಪತ್ರಿಕೆಗಳಲ್ಲಿ ಲೇಖನ ಬರೆದು, ಗಡಾಫಿ ಅಧಿಕಾರದಲ್ಲಿರುವ ಲಿಬಿಯಾಕ್ಕೆ ಭವಿಷ್ಯವೇ ಇಲ್ಲ ಅನ್ನುವ ಮಾತು ಆಡಿದರು. ಜನರನ್ನು ಕಾಪಾಡಲು ಹೋದವರು ಸರ್ಕಾರ ಉರುಳಿಸಲು ನಿಂತರು, ಹಾಗೆ ಮಾಡಿ ಎಂದು ಅವರಿಗೆ ಯಾರೂ ಮತ ಹಾಕಿ ಹೇಳಿರಲಿಲ್ಲ.

ಅಕ್ಟೋಬರ್ 20ಕ್ಕೆ ಸಿರ್ತ್ ಊರಿನಲ್ಲಿ ಗಡಾಫಿ ಸತ್ತ. ಆತನ ಶಸ್ತ್ರಾಗಾರಗಳಲ್ಲಿದ್ದ ಬಂದೂಕುಗಳು ಮರಳುಗಾಡು ದಾಟಿ ಮಾಲಿ ದೇಶಕ್ಕೆ ಹೋದವು, 2012ರಲ್ಲಿ ಅಲ್ಲಿ ಯುದ್ಧ ಹತ್ತಿಕೊಂಡಿತು. ಅದೇ ವರ್ಷ ಸೆಪ್ಟೆಂಬರ್ 11ರಂದು ಅಮೆರಿಕದ ರಾಯಭಾರಿಯನ್ನು ಕೊಂದದ್ದು ಎಲ್ಲಿ? ಅವರೇ ಉಳಿಸಿದ ಬೆಂಗಾಜಿಯಲ್ಲಿ. 2014ರ ಹೊತ್ತಿಗೆ ದೇಶಕ್ಕೆ ಎರಡೆರಡು ಸರ್ಕಾರ, ಮರುವರ್ಷ ಸಿರ್ತ್ ಐಸಿಸ್ ಉಗ್ರರ ಕೈಗೆ ಹೋಯಿತು. ಆ ಊರಿನ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ನಾಲ್ವರು ಭಾರತೀಯರನ್ನು 2015ರ ಜುಲೈನಲ್ಲಿ ಅಪಹರಿಸಿದ್ದು ನಿಮಗೂ ನೆನಪಿರಬಹುದು. ಇಬ್ಬರು ನಮ್ಮ ಕರ್ನಾಟಕದವರು, ಅವರನ್ನು ಒಂದೆರಡು ದಿನದಲ್ಲಿ ಬಿಟ್ಟರು. ಉಳಿದಿಬ್ಬರು ಮನೆ ಸೇರಲು ಒಂದು ವರ್ಷಕ್ಕೂ ಜಾಸ್ತಿ ಹಿಡಿಯಿತು. ಪಾಠ ಹೇಳಿ ಸಂಬಳ ಮನೆಗೆ ಕಳಿಸುತ್ತಿದ್ದ ಮೇಷ್ಟ್ರುಗಳು ಅವರು. ನಾನೂ ಅದೇ ಕೆಲಸದವನು, ಆ ಸುದ್ದಿ ಓದಿದ ದಿನ ಇವತ್ತಿಗೂ ಮನಸ್ಸಿನಲ್ಲಿದೆ.

ಇನ್ನೊಂದು ನಷ್ಟ ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ. 2003ರ ಡಿಸೆಂಬರ್‌ನಲ್ಲಿ ಇದೇ ಗಡಾಫಿ ಅಣ್ವಸ್ತ್ರದ ಆಸೆ ಬಿಟ್ಟು, ಮರುವರ್ಷ ಯಂತ್ರಗಳನ್ನೆಲ್ಲ ಅಮೆರಿಕಕ್ಕೆ ಒಪ್ಪಿಸಿದ್ದ. ಬಾಂಬ್ ಬಿದ್ದ ವಾರವೇ ಉತ್ತರ ಕೊರಿಯಾ, ಅಸ್ತ್ರ ಬಿಟ್ಟವರ ಗತಿ ಇದು ಎಂದು ಬಹಿರಂಗವಾಗಿ ಹೇಳಿತು. ಇನ್ನು ಯಾರನ್ನು ನಂಬಿಸಿ ಅಸ್ತ್ರ ಕೆಳಗಿಡಿಸುವುದು?

"ಹಾಗಾದ್ರೆ ಬೆಂಗಾಜಿಯವರು ಸಾಯಬೇಕಿತ್ತಾ ಸರ್?" ಎಂದು ಒಬ್ಬ ಹುಡುಗಿ ಕೇಳಿದಳು. ನ್ಯಾಯವಾದ ಪ್ರಶ್ನೆ. 1994ರಲ್ಲಿ ರುವಾಂಡಾದಲ್ಲಿ ಜನಾಂಗ ಹತ್ಯೆ ನಡೆಯುವಾಗ ಜಗತ್ತು ಸುಮ್ನೆ ನೋಡುತ್ತಾ ಕೂತದ್ದನ್ನು ನಾನೂ ಮರೆತಿಲ್ಲ. ಬೇಡ, ಯಾರೂ ಸಾಯಬಾರದು. ಆ ಟ್ಯಾಂಕುಗಳನ್ನು ತಡೆದದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ತಡೆದ ಮೇಲೆ ನಿಲ್ಲಬೇಕಿತ್ತು, ಮುಂದಕ್ಕೆ ಹೋಗುವುದಾದರೆ ಗಡಾಫಿ ಹೋದ ಮರುದಿನ ಊರು ಕಾಯುವವರು ಯಾರು ಎಂದು ಮೊದಲೇ ಹೇಳಿ ಅಮೆರಿಕದ ಸಂಸತ್ತಿನ ಒಪ್ಪಿಗೆ ಪಡೆಯಬೇಕಿತ್ತು. ಆ ಮರುದಿನಕ್ಕೆ ತಯಾರಿ ಮಾಡದೇ ಇದ್ದದ್ದು ತನ್ನ ಅತಿ ದೊಡ್ಡ ತಪ್ಪು ಇರಬಹುದು ಎಂದು 2016ರಲ್ಲಿ ಒಬಾಮ ಅವರೇ ಒಪ್ಪಿಕೊಂಡರು.

ಸಂಸತ್ತಿನ ಒಪ್ಪಿಗೆ ಕೇಳಲೇಬೇಕು ಅಂತ ಅಮೆರಿಕದಲ್ಲಿ ಕಾನೂನೇ ಇದೆ. ವಿಯೆಟ್ನಾಂ ಪೆಟ್ಟು ತಿಂದು 1973ರಲ್ಲಿ, ಆಗಿನ ಅಧ್ಯಕ್ಷ ನಿಕ್ಸನ್ ವೀಟೋ ಹಾಕಿದರೂ ಬಿಡದೆ, ಮಾಡಿಕೊಂಡ ಕಾನೂನು. ಸಂಸತ್ತು ಒಪ್ಪದಿದ್ದರೆ 60 ದಿನಗಳಿಗೆ ಕಾಳಗ ನಿಲ್ಲಿಸುವ ಹಾದಿ ಹಿಡಿಯಬೇಕು. ಲಿಬಿಯಾದ ಲೆಕ್ಕದಲ್ಲಿ ಆ ಗಡುವು ಮೇ 20ಕ್ಕೆ ಮುಗಿಯಿತು. ನಮ್ಮ ಸೈನಿಕರು ನೆಲದ ಮೇಲಿಲ್ಲ, ಅವರಿಗೆ ಅಪಾಯ ಕಡಿಮೆ, ಹಾಗಾಗಿ ಇದು ಆ ಕಾನೂನು ಹೇಳುವ ಕಾಳಗವೇ ಅಲ್ಲ ಎಂದು ಶ್ವೇತಭವನ ವಾದಿಸಿತು. ಬಾಂಬ್ ಬೀಳುವ ಊರಿನವರು ಆ ಮಾತು ಒಪ್ಪುತ್ತಾರಾ? ಜೂನ್ 24ರಂದು ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿ ಈ ಕಾರ್ಯಾಚರಣೆಗೆ ಒಪ್ಪಿಗೆ ಕೊಡುವ ನಿರ್ಣಯ ಮತಕ್ಕೆ ಬಂದಾಗ 123 ಜನ ಪರ, 295 ಜನ ವಿರೋಧ ಮತ ಹಾಕಿದರು. ಅಷ್ಟರಲ್ಲಿ ದಾಳಿ ಶುರುವಾಗಿ ಮೂರು ತಿಂಗಳಾಗಿತ್ತು, ನಿಂತದ್ದು ಅಕ್ಟೋಬರ್ ಕೊನೆಗೆ.